ಎರಡು ಲೇನು ಬಿಡಿಸಿಕೊಡಿ: ಕಲಬುರಗಿಯ ಈಜುಕೊಳ ನಡೆಸುವವರಿಗೂ ಈಜುವವರಿಗೂ ಒಂದು ಬಹಿರಂಗ ಪತ್ರ

ಕಲಬುರಗಿ ನಗರದ ಸಾರ್ವಜನಿಕ ಈಜುಕೊಳಗಳನ್ನು ನಡೆಸುವ ಮಾನ್ಯ ಅಧಿಕಾರಿಗಳಿಗೆ, ಅಲ್ಲಿ ದುಡಿಯುವ ಕೋಚ್ ಮತ್ತು ಲೈಫ್‌ಗಾರ್ಡ್‌ಗಳಿಗೆ, ಹಾಗೂ ನನ್ನಂತೆಯೇ ಟಿಕೆಟ್ ತೆಗೆಸಿಕೊಂಡು ನೀರಿಗಿಳಿಯುವ ಎಲ್ಲ ಈಜುಗಾರರಿಗೆ ನಮಸ್ಕಾರಗಳು.

ಬೇಸಿಗೆಯ ಬ್ಯಾಚ್‌ಗಳು ಶುರುವಾಗುವ ಮೊದಲೇ ಈ ಪತ್ರ ನಿಮ್ಮ ಕೈಸೇರಲಿ ಎಂದು ಬರೆಯುತ್ತಿದ್ದೇನೆ. ನನ್ನ ಕೋರಿಕೆ ದೊಡ್ಡದಲ್ಲ. ಕೊಳ ತೆರೆದಿರುವಷ್ಟು ಹೊತ್ತೂ, ಎಷ್ಟೇ ಜನಸಂದಣಿ ಇದ್ದರೂ, ಒಂದು ಬದಿಯ ಎರಡು ಲೇನುಗಳಿಗೆ ಹಗ್ಗ ಕಟ್ಟಿ ಅವನ್ನು ಈ ತುದಿಯಿಂದ ಆ ತುದಿಗೆ ನಿಲ್ಲದೆ ಈಜುವವರಿಗೆ ಬಿಟ್ಟುಕೊಡಬೇಕು. ಆ ಲೇನುಗಳಲ್ಲಿ ಹೇಗೆ ಈಜಬೇಕೆಂಬುದನ್ನು ಸರಳ ಕನ್ನಡದಲ್ಲಿ, ಚಿತ್ರಸಹಿತ, ಎಲ್ಲರಿಗೂ ಕಾಣುವಂತೆ ಬರೆಸಿ ಹಾಕಬೇಕು. ಬರೆಸಿದ್ದನ್ನು ದೊಡ್ಡ ಸಾಹೇಬರಿಂದ ಹಿಡಿದು ಶಾಲೆಯ ಹುಡುಗನವರೆಗೆ ಎಲ್ಲರಿಗೂ ಒಂದೇ ರೀತಿ ಅನ್ವಯಿಸಬೇಕು. ಇದರಲ್ಲಿ ಹಗ್ಗ ಮತ್ತು ಫಲಕ ನಿಮ್ಮ ಪಾಲಿನ ಕೆಲಸ. ಆದರೆ ಹಗ್ಗ ಕಟ್ಟಿದ ಮಾತ್ರಕ್ಕೆ ಲೇನು ಲೇನಾಗುವುದಿಲ್ಲ, ಉಳಿದ ಕೆಲಸ ನೀರಿಗಿಳಿಯುವ ನಮ್ಮೆಲ್ಲರದು. ಆದ್ದರಿಂದಲೇ ಇದನ್ನು ಕಚೇರಿಗೊಂದು ಅರ್ಜಿಯಾಗಿ ಕೊಟ್ಟು ಸುಮ್ಮನಾಗದೆ, ಎಲ್ಲರೂ ಓದಲೆಂದು ಬಹಿರಂಗವಾಗಿ ಬರೆದಿದ್ದೇನೆ.

ನಮ್ಮ ಊರಿನ ಬೇಸಿಗೆಯನ್ನು ನಿಮಗೆ ವಿವರಿಸಬೇಕಿಲ್ಲ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಪಾದರಸ 42 ಡಿಗ್ರಿ ಮುಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ಬೆಳಿಗ್ಗೆ ಏಳೂವರೆಗೆಲ್ಲ ಬಿಸಿಲು ಚುರುಗುಟ್ಟುವ ಈ ದಿನಗಳಲ್ಲಿ ನಡಿಗೆ, ಓಟ, ಸೈಕಲ್ ಎಲ್ಲವೂ ಬಿಟ್ಟುಹೋಗುತ್ತವೆ. ಮಂಡಿನೋವಿನವರಿಗೆ, ಸಕ್ಕರೆ ಕಾಯಿಲೆಯವರಿಗೆ, ಬೆನ್ನಿನ ತೊಂದರೆಯಿಂದ ಬಳಲುವವರಿಗೆ, ಹೆರಿಗೆಯ ನಂತರ ಮೈ ಹಗುರ ಮಾಡಿಕೊಳ್ಳಬೇಕೆನ್ನುವ ಹೆಣ್ಣುಮಕ್ಕಳಿಗೆ ಆ ಎರಡು ತಿಂಗಳು ಉಳಿಯುವ ವ್ಯಾಯಾಮವೆಂದರೆ ಈಜು ಒಂದೇ. ಎದೆಮಟ್ಟದ ನೀರಿನಲ್ಲಿ ಮೈಭಾರದ ಬಹುಪಾಲನ್ನು ನೀರೇ ಹೊರುವುದರಿಂದ ಕೀಲುಗಳ ಮೇಲೆ ಹೆಚ್ಚು ಒತ್ತಡ ಬೀಳುವುದಿಲ್ಲ. ಆದರೆ ಅದು ವ್ಯಾಯಾಮವಾಗಬೇಕಾದರೆ ಹತ್ತಿಪ್ಪತ್ತು ನಿಮಿಷವಾದರೂ ತಡೆಯಿಲ್ಲದೆ ಈಜಬೇಕು. ನಾಲ್ಕು ಸಲ ಕೈ ಹಾಕಿ ಐದನೆಯದಕ್ಕೆ ಎದ್ದು ನಿಂತು, ಎದುರಿಗಿದ್ದವರನ್ನು ಸರಿಸಿ ಮತ್ತೆ ಮುಳುಗುವ ಈಜಿನಿಂದ ಉಸಿರಿನ ಲಯವೂ ಕೂಡುವುದಿಲ್ಲ, ಹೃದಯಕ್ಕೂ ಪ್ರಯೋಜನವಿಲ್ಲ.

ಅದೇ ಎರಡು ತಿಂಗಳಲ್ಲಿ ಇನ್ನೊಂದು ಸಂಗತಿಯೂ ನಡೆಯುತ್ತದೆ. ನಮ್ಮ ಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುವುದರಿಂದ, ಬೆಳಗಿನ ಬ್ಯಾಚ್‌ಗೆ ಬರುತ್ತಿದ್ದ ನೌಕರರು ಹೆಚ್ಚಿನವರು ಸಂಜೆಗೆ ಸರಿಯುತ್ತಾರೆ. ಶಾಲೆಗಳಿಗೆ ರಜೆ ಬಿದ್ದಿರುತ್ತದೆ, ಮಕ್ಕಳೆಲ್ಲ ಸಂಜೆಯೇ ಬರುತ್ತಾರೆ. ಬೇಸಿಗೆ ಶಿಬಿರದ ಕಲಿಕೆಯೂ ಆಗಲೇ. ಹೀಗಾಗಿ ದಿನವಿಡೀ ಖಾಲಿಯಿರುವ ಕೊಳ ಸಂಜೆ ಐದರಿಂದ ಏಳರ ನಡುವೆ ಕಾಲಿಡಲು ಜಾಗವಿಲ್ಲದಂತೆ ತುಂಬಿಕೊಳ್ಳುತ್ತದೆ. ತುಂಬಲಿ, ಅದು ಸಂತೋಷದ ವಿಷಯ; ಊರಿನ ಮಕ್ಕಳು ಕೆರೆ, ಕಲ್ಲುಗಣಿ, ಕಾಲುವೆಗಳಿಗೆ ಇಳಿದು ಜೀವ ಕಳೆದುಕೊಳ್ಳುವುದಕ್ಕಿಂತ ಕಾವಲಿರುವ ನೀರಿಗೆ ಬರುವುದು ಎಷ್ಟೋ ಮೇಲು. ನನ್ನ ದೂರು ಜನಸಂದಣಿಯ ಬಗೆಗಲ್ಲ, ಆ ಸಂದಣಿಗೆ ಒಂದು ಕ್ರಮವೇ ಇಲ್ಲದಿರುವುದರ ಬಗೆಗೆ.

ಕಳೆದ ಮೇ ತಿಂಗಳ ಒಂದು ಸಂಜೆ ನಡೆದದ್ದನ್ನು ಹೇಳುತ್ತೇನೆ. ಅರವತ್ತು ದಾಟಿದ ನಿವೃತ್ತ ಶಿಕ್ಷಕರೊಬ್ಬರು ಗೋಡೆಯ ಪಕ್ಕದಲ್ಲಿ ಅಂಗಾತ ಮಲಗಿ ನಿಧಾನವಾಗಿ ಬ್ಯಾಕ್‌ಸ್ಟ್ರೋಕ್ ಮಾಡಿಕೊಂಡು ಬರುತ್ತಿದ್ದರು. ದಂಡೆಯ ಮೇಲೆ ಸಾಲುಗಟ್ಟಿದ್ದ ಹುಡುಗರಲ್ಲಿ ಒಬ್ಬ ಓಡಿಬಂದು ಡೈ ಹೊಡೆದ. ಹುಡುಗನ ಮಂಡಿ ಅವರ ಭುಜಕ್ಕೆ ಬಡಿಯಿತು. ಅವರು ನೀರು ಕುಡಿದರು, ಕೆಮ್ಮಿದರು, ಗೋಡೆ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಹುಡುಗ ಹೆದರಿ ಅಳುಮುಖ ಮಾಡಿಕೊಂಡು "ಕಾಣಲಿಲ್ರಿ ಸರ್" ಎಂದ. ಅವನ ಮಾತು ನಿಜವಾಗಿತ್ತು. ನೀರಿನ ಮೇಲೆ ಮುಖ ಮೇಲೆ ಮಾಡಿ ಈಜುವವರಿಗೆ ತಮ್ಮ ಮುಂದೆ ಏನಿದೆಯೆಂದು ಕಾಣುವುದಿಲ್ಲ. ಮೂವತ್ತು ತಲೆಗಳು ಎದ್ದು ಬೀಳುವ ನೀರಿನಲ್ಲಿ ದಂಡೆಯ ಮೇಲಿನವರಿಗೆ ಯಾರು ಈಜುತ್ತಿದ್ದಾರೆ, ಯಾರು ಆಡುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ಅಲ್ಲಿ ಒಂದು ಹಗ್ಗವಿದ್ದಿದ್ದರೆ ಇಬ್ಬರಿಗೂ ತಿಳಿಯುತ್ತಿತ್ತು. ಆ ಶಿಕ್ಷಕರು ಆಮೇಲೆ ಸಂಜೆ ಬರುವುದನ್ನು ಬಿಟ್ಟರು.

ನಮ್ಮ ಭಾಗದಲ್ಲಿ ಹಿರಿಯ ತಲೆಮಾರಿನ ಬಹುತೇಕರು ಈಜು ಕಲಿತದ್ದು ಹೊಲದ ಬಾವಿಯಲ್ಲಿ, ಬೆನ್ನಿಗೆ ಬೆಂಡನ್ನೋ ಒಣಗಿದ ಸೋರೆ ಬುರುಡೆಯನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿಕೊಂಡು. ಬಾವಿಯ ಈಜಿಗೆ ಅದರದೇ ಆದ ಶಿಸ್ತಿತ್ತು: ಮೇಲಿನಿಂದ ನೋಡಿ, ಕೆಳಗಿದ್ದವರಿಗೆ ಕೂಗಿ ಹೇಳಿ ಜಿಗಿಯುವುದು, ಜಿಗಿದವರು ಪಡಿಕಟ್ಟೆಯ ಕಡೆಗೆ ಸರಿಯುವುದು. ಆ ನೀರಿನಲ್ಲಿ ಉದ್ದಕ್ಕೆ ಈಜುವ ಪ್ರಶ್ನೆಯೇ ಇರಲಿಲ್ಲ. ಈಗಿನ ಕೊಳಕ್ಕೆ ಬರುವವರು ಜಿಗಿಯುವ ಉತ್ಸಾಹವನ್ನು ಬಾವಿಯಿಂದ ತಂದಿದ್ದಾರೆ, ಕೂಗಿ ಹೇಳುವ ಕಟ್ಟಳೆಯನ್ನು ತಂದಿಲ್ಲ; ಕೊಳದ ಕಟ್ಟಳೆಯನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ತಪ್ಪು ಅವರದೆಂದು ನಾನು ಒಪ್ಪುವುದಿಲ್ಲ. ಟಿಕೆಟ್ ಕಿಟಕಿಯ ಪಕ್ಕದಲ್ಲಿ ತೂಗುಹಾಕುವ ಫಲಕಗಳಲ್ಲಿ ಬೆಲೆಬಾಳುವ ವಸ್ತುಗಳಿಗೆ ನಾವು ಜವಾಬ್ದಾರರಲ್ಲ ಎಂದಿರುತ್ತದೆ, ಚರ್ಮರೋಗವಿದ್ದವರಿಗೆ ಪ್ರವೇಶವಿಲ್ಲ ಎಂದಿರುತ್ತದೆ. ನೀರಿನೊಳಗೆ ಒಬ್ಬರಿಗೊಬ್ಬರು ಹೇಗೆ ದಾರಿ ಬಿಡಬೇಕೆಂದು ಬರೆದ ಫಲಕವನ್ನು ನಾನು ನಮ್ಮ ಊರಿನಲ್ಲಿ ಕಂಡಿಲ್ಲ.

ಎರಡು ಲೇನು ಕೊಟ್ಟರೆ ಉಳಿದವರಿಗೆ ಜಾಗ ಕಡಿಮೆಯಾಗುತ್ತದೆ ಎಂಬ ಮಾತು ಬರುತ್ತದೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಸ್ಪರ್ಧೆಯ ಕೊಳದಲ್ಲಿ ಒಂದು ಲೇನಿನ ಅಗಲ 2.5 ಮೀಟರ್. ಎರಡು ಲೇನೆಂದರೆ 5 ಮೀಟರ್ ಅಗಲದ ಪಟ್ಟಿ. 25 ಮೀಟರ್ ಉದ್ದದ ಕೊಳದಲ್ಲಿ ಸಾಧಾರಣ ವೇಗದ ಈಜುಗಾರರೊಬ್ಬರು ಹೋಗಿಬರಲು ಒಂದು ನಿಮಿಷಕ್ಕೂ ತುಸು ಹೆಚ್ಚು ಕಾಲ ತೆಗೆದುಕೊಳ್ಳುತ್ತಾರೆ. ಒಬ್ಬರ ಹಿಂದೆ ಒಬ್ಬರು ಹತ್ತು ಸೆಕೆಂಡ್ ಬಿಟ್ಟು ಹೊರಟರೆ ಒಂದೇ ಲೇನಿನಲ್ಲಿ ಆರು ಜನ ಪರಸ್ಪರ ತಾಗದೆ ಈಜಬಹುದು. ಎರಡು ಲೇನಿನಲ್ಲಿ ಹನ್ನೆರಡು ಜನ. ಅದೇ ಹನ್ನೆರಡು ಜನ ಹಗ್ಗವಿಲ್ಲದ ನೀರಿನಲ್ಲಿ ತಮಗೆ ಬೇಕಾದ ಕಡೆ ಉದ್ದಕ್ಕೆ ಈಜಲು ಹೊರಟರೆ ಇಡೀ ಕೊಳವೇ ಸಾಲುವುದಿಲ್ಲ, ಯಾಕೆಂದರೆ ಪ್ರತಿಯೊಬ್ಬರೂ ಆಡುವ ಮಕ್ಕಳ ನಡುವೆ ತಮ್ಮದೇ ದಾರಿ ಹುಡುಕುತ್ತಾರೆ. ಹಗ್ಗದಿಂದ ಮಕ್ಕಳ ಜಾಗ ಕಡಿಮೆಯಾಗುವುದಿಲ್ಲ. ಉದ್ದಕ್ಕೆ ಈಜುವ ದೊಡ್ಡವರೆಲ್ಲ ಒಂದು ಬದಿಗೆ ಸರಿದು ಮಕ್ಕಳಿಗೆ ನೆಮ್ಮದಿಯಾಗಿ ಆಡುವ ಜಾಗ ಸಿಗುತ್ತದೆ.

ಆದರೆ ಒಂದು ಲೇನಿನಲ್ಲಿ ಆರು ಜನ ಈಜಬೇಕಾದರೆ ಎಲ್ಲರೂ ಸುತ್ತು ಹಾಕುತ್ತ ಈಜಬೇಕು: ಹೋಗುವಾಗ ಲೇನಿನ ಒಂದು ಬದಿ, ಬರುವಾಗ ಇನ್ನೊಂದು ಬದಿ, ನಡುವಿನ ಕಪ್ಪು ಗೆರೆಯ ಮೇಲೆ ಯಾರೂ ಇಲ್ಲ. ಯಾವ ಬದಿ ಎಂಬುದರಲ್ಲಿ ಜಗತ್ತಿನಲ್ಲೆಲ್ಲ ಒಂದೇ ನಿಯಮವಿಲ್ಲ. ಅಮೆರಿಕದಲ್ಲಿ ಬಲಬದಿಗೆ ಈಜುತ್ತಾರೆ, ಆಸ್ಟ್ರೇಲಿಯಾದಲ್ಲಿ ಎಡಬದಿಗೆ. ಎರಡೂ ಕಡೆ ಅದು ಅವರ ರಸ್ತೆಯ ನಿಯಮವೇ ಆಗಿದೆ. ನಮಗೂ ಎಡಬದಿಯೇ ಇರಲಿ ಎಂಬುದು ನನ್ನ ಸಲಹೆ, ಏಕೆಂದರೆ ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಎಡಕ್ಕೆ ನಡೆಸಿದ ಕೈಗಳಿಗೆ ನೀರಿನಲ್ಲೂ ಎಡವೇ ಮೊದಲು ಹೊಳೆಯುತ್ತದೆ. ಬ್ರಿಟನ್ನಿನ ಅನೇಕ ಕೊಳಗಳಲ್ಲಿ ಒಂದು ಲೇನು ಗಡಿಯಾರದ ದಿಕ್ಕಿಗಾದರೆ ಪಕ್ಕದ ಲೇನು ಅದರ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಅದರಲ್ಲೊಂದು ಜಾಣತನವಿದೆ: ಹಾಗೆ ಮಾಡಿದಾಗ ನಡುವಿನ ಹಗ್ಗದ ಎರಡೂ ಬದಿಯವರು ಒಂದೇ ದಿಕ್ಕಿಗೆ ಹೋಗುತ್ತಿರುತ್ತಾರೆ, ಕೈಗೆ ಕೈ ತಾಗಿದರೂ ಎದುರುಬದುರು ಬಡಿದಂತೆ ಪೆಟ್ಟಾಗುವುದಿಲ್ಲ. ನಮ್ಮ ಎರಡು ಲೇನುಗಳಿಗೂ ಇದನ್ನು ಅಳವಡಿಸಬಹುದು. ಆಗ ಎರಡಕ್ಕೂ ಬೇರೆ ಬೇರೆ ಬಾಣದ ಗುರುತು ಬೇಕಾಗುತ್ತದೆ. ಅದು ಗೊಂದಲವೆನಿಸಿದರೆ ಎರಡಕ್ಕೂ ಎಡಬದಿಯನ್ನೇ ಇಡಿ. ಯಾವುದಾದರೂ ಸರಿ, ಒಂದೇ ನಿಯಮವಿರಲಿ ಮತ್ತು ಅದು ದಂಡೆಯ ಮೇಲೆ ಬಣ್ಣದಲ್ಲಿ ಬರೆದಿರಲಿ.

ಇಬ್ಬರೇ ಇದ್ದಾಗ ಲೇನನ್ನು ಉದ್ದಕ್ಕೆ ಎರಡಾಗಿ ಹಂಚಿಕೊಂಡು ಈಜಿದರೂ ನಡೆಯುತ್ತದೆ. ತೊಂದರೆ ಬರುವುದು ಮೂರನೆಯವರು ಬಂದಾಗ. ಅವರು ಸದ್ದಿಲ್ಲದೆ ನೀರಿಗಿಳಿದು ಹೊರಟುಬಿಟ್ಟರೆ ಮೊದಲಿನ ಇಬ್ಬರಿಗೆ ಗೊತ್ತೇ ಆಗುವುದಿಲ್ಲ, ಮುಖಾಮುಖಿ ಡಿಕ್ಕಿಯಾಗುತ್ತದೆ. ಹೊಸಬರು ದಂಡೆಯ ಮೂಲೆಯಲ್ಲಿ ಕಾಲು ಇಳಿಬಿಟ್ಟು ಕೂತು, ಇಬ್ಬರೂ ತಮ್ಮನ್ನು ನೋಡುವವರೆಗೆ ಕಾದು, "ನಾನೂ ಬರ್ತೀನ್ರಿ, ಸುತ್ತು ಹಾಕೋಣ" ಎಂದು ಹೇಳಿ ಇಳಿಯಬೇಕು. ಮೊದಲೇ ಇದ್ದವರು ಮುಖ ಗಂಟಿಕ್ಕದೆ ಒಪ್ಪಬೇಕು. ಲೇನು ಮೊದಲು ಬಂದವರ ಸ್ವತ್ತಲ್ಲ.

ಹಿಂದಿನವರು ಮುಂದಿನವರಿಗಿಂತ ವೇಗವಾಗಿದ್ದಾಗ ಏನು ಮಾಡಬೇಕೆಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಜಗಳಗಳು ಹುಟ್ಟುವುದೇ ಅಲ್ಲಿ. ಬೇರೆ ದೇಶಗಳ ರೂಢಿಯಲ್ಲಿ ಹಿಂದಿನವರು ಮುಂದಿನವರ ಪಾದವನ್ನು ಒಮ್ಮೆ ಬೆರಳಿನಿಂದ ತಟ್ಟುತ್ತಾರೆ. ಮುಂದಿನವರು ಗೋಡೆ ಮುಟ್ಟಿದಾಗ ಮೂಲೆಗೆ ಸರಿದು ದಾರಿ ಬಿಡುತ್ತಾರೆ. ಇದನ್ನು ಇಲ್ಲಿ ಹಾಗೆಯೇ ತರಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮಲ್ಲಿ ಕಾಲು ತಾಗಿದರೆ ತಾಗಿಸಿಕೊಂಡವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಅಪರಿಚಿತರ ಪಾದ ಮುಟ್ಟುವುದು ಕಿರಿಯರಿಗೆ ಮುಜುಗರ, ಹಿರಿಯರಿಗೆ ಕಸಿವಿಸಿ. ಹೆಣ್ಣುಮಕ್ಕಳ ಕಾಲನ್ನು ಗಂಡಸೊಬ್ಬ ನೀರಿನಲ್ಲಿ ಮುಟ್ಟುವುದಂತೂ, ಅವನ ಉದ್ದೇಶ ಎಷ್ಟೇ ಶುದ್ಧವಾಗಿದ್ದರೂ, ಸಲ್ಲದು. ಆದ್ದರಿಂದ ನಮ್ಮ ಕೊಳಗಳಿಗೆ ಬಾಯಿಮಾತಿನ ನಿಯಮವೇ ಇರಲಿ: ಹಿಂದೆ ಬರುವವರು ತುಸು ನಿಧಾನಿಸಿ, ಗೋಡೆಯಲ್ಲಿ ಜೊತೆಯಾದಾಗ "ಮುಂದೆ ಹೋಗ್ಲೇನ್ರಿ?" ಎಂದು ಕೇಳಬೇಕು. ಕೇಳಿಸಿಕೊಂಡವರು ಹತ್ತು ಸೆಕೆಂಡ್ ನಿಂತು ಅವರನ್ನು ಹೋಗಗೊಡಬೇಕು. ಲೇನಿನ ನಡುವೆ, ಎದುರಿನವರ ದಾರಿಯನ್ನು ಸೀಳಿಕೊಂಡು ಹಿಂದಿಕ್ಕುವುದನ್ನು ಪೂರ್ತಿಯಾಗಿ ನಿಷೇಧಿಸಬೇಕು.

ಇದಕ್ಕೆ ಫಲಕ ಬೇಕೇ ಬೇಕೆಂದು ನಾನು ಒತ್ತಿ ಹೇಳಲು ಕಾರಣವಿದೆ. ನಮ್ಮ ಹುಡುಗರು ಹಿರಿಯರಿಗೆ "ಸ್ವಲ್ಪ ದಾರಿ ಬಿಡ್ರಿ" ಎನ್ನಲು ಹಿಂಜರಿಯುತ್ತಾರೆ. ಹಾಗೆ ಕೇಳುವುದನ್ನು ಉದ್ಧಟತನವೆಂದು ತಿಳಿಯುವ ಹಿರಿಯರೂ ಇದ್ದಾರೆ. ಹುದ್ದೆಯಲ್ಲಿ ದೊಡ್ಡವರು ಬಂದರೆ ಸಿಬ್ಬಂದಿಯೇ ಓಡಿಬಂದು ಲೇನು ಖಾಲಿ ಮಾಡಿಸುವುದನ್ನೂ ನೋಡಿದ್ದೇನೆ. ಈ ಮರ್ಯಾದೆಗಳು ಮನೆಯಲ್ಲಿ, ಕಚೇರಿಯಲ್ಲಿ ಇರಲಿ. ನೀರಿನಲ್ಲಿ ವೇಗಕ್ಕೊಂದು, ನಿಧಾನಕ್ಕೊಂದು ಜಾಗವಿದೆ, ವಯಸ್ಸಿಗೂ ಹುದ್ದೆಗೂ ಬೇರೆ ಜಾಗವಿಲ್ಲ. ನಿಯಮವನ್ನು ಫಲಕವೇ ಹೇಳಿದರೆ ಹುಡುಗ ಹೇಳಬೇಕಾಗುವುದಿಲ್ಲ, ಹಿರಿಯರಿಗೂ ಅವಮಾನವೆನಿಸುವುದಿಲ್ಲ.

ಎರಡು ಲೇನುಗಳಲ್ಲಿ ಒಂದನ್ನು ನಿಧಾನದವರಿಗೆ, ಇನ್ನೊಂದನ್ನು ವೇಗದವರಿಗೆ ಎಂದು ಗುರುತಿಸಬೇಕು. ಯಾವುದಕ್ಕೆ ಇಳಿಯಬೇಕೆಂದು ತಿಳಿಯಲು ಕೊಳದ ಬದಿಯಲ್ಲಿ ಎರಡು ನಿಮಿಷ ನಿಂತು ನೋಡಿದರೆ ಸಾಕು: ಆ ಹೊತ್ತಿನಲ್ಲಿ ಈಜುತ್ತಿರುವವರ ವೇಗಕ್ಕೆ ನಮ್ಮದು ಹೊಂದುತ್ತದೆಯೇ ಎಂಬುದೊಂದೇ ಪ್ರಶ್ನೆ. ಕಾಲೇಜಿನಲ್ಲಿ ಪದಕ ಗೆದ್ದದ್ದು ಇವತ್ತಿನ ವೇಗಕ್ಕೆ ಸಾಕ್ಷಿಯಲ್ಲ. ಕಿಕ್‌ಬೋರ್ಡ್ ಎಂಬ ತೇಲುವ ಹಲಗೆ ಹಿಡಿದು ಕಾಲಿನ ಅಭ್ಯಾಸ ಮಾಡುವವರು ನಿಧಾನದ ಲೇನಿನಲ್ಲಿರಬೇಕು. ಕೈಗೆ ಕಟ್ಟುವ ಪ್ಲಾಸ್ಟಿಕ್ ಪ್ಯಾಡಲ್‌ಗಳನ್ನು ಸಂಜೆಯ ಸಂದಣಿಯಲ್ಲಿ ಯಾರೂ ಬಳಸಬಾರದು. ಅವುಗಳ ಅಂಚು ಎದುರಿನವರ ಬೆರಳಿಗೋ ಹುಬ್ಬಿಗೋ ತಾಗಿದರೆ ಗಾಯ ಖಂಡಿತ. ಎರಡೂ ಕೈಗಳನ್ನು ಒಟ್ಟಿಗೆ ಬೀಸುವ ಬಟರ್‌ಫ್ಲೈ ಈಜಿಗೆ ಲೇನಿನ ಪೂರ್ತಿ ಅಗಲ ಬೇಕಾಗುವುದರಿಂದ ಜನವಿಲ್ಲದ ಹೊತ್ತಿನಲ್ಲಿ ಮಾಡುವುದು ಒಳ್ಳೆಯದು. ಕಪ್ಪೆಯಂತೆ ಕಾಲು ಬೀಸುವ ಬ್ರೆಸ್ಟ್‌ಸ್ಟ್ರೋಕ್ ಮಾಡುವವರು, ಅಂದರೆ ನಮ್ಮಲ್ಲಿ ಬಹುಪಾಲು ಜನ, ಎದುರಿನಿಂದ ಯಾರಾದರೂ ಬರುತ್ತಿದ್ದರೆ ಕಾಲಿನ ಹೊಡೆತವನ್ನು ಕಿರಿದುಮಾಡಬೇಕು, ಏಕೆಂದರೆ ಆ ಈಜಿನಲ್ಲಿ ಪಾದ ಹೊರಕ್ಕೆ ತಿರುಗಿ ಬೀಸುವಾಗ ಪಕ್ಕದವರ ಹೊಟ್ಟೆಗೆ ಹಿಮ್ಮಡಿಯ ಪೆಟ್ಟು ಬೀಳುತ್ತದೆ.

ಗೋಡೆಯ ಬಳಿ ನಿಲ್ಲುವ ಬಗೆಯನ್ನೂ ಕಲಿಯಬೇಕಿದೆ. ದಣಿವಾರಿಸಿಕೊಳ್ಳಲು ನಿಂತವರು ಲೇನಿನ ಮೂಲೆಯಲ್ಲಿ, ಹಗ್ಗದ ಪಕ್ಕಕ್ಕೆ ನಿಲ್ಲಬೇಕು. ಗೋಡೆಯ ನಡುಭಾಗ ತಿರುಗುವವರಿಗೆ ಬೇಕು. ಮೂರು ಜನ ಗೆಳೆಯರು ಗೋಡೆಗೆ ಬೆನ್ನು ಕೊಟ್ಟು, ಕೈಗಳನ್ನು ಅಂಚಿನ ಮೇಲೆ ಚಾಚಿ ನಿವೇಶನದ ರೇಟು ಮಾತಾಡುತ್ತ ನಿಂತರೆ ಲೇನಿನಲ್ಲಿರುವ ಉಳಿದವರು ಎರಡು ಮೀಟರ್ ಮೊದಲೇ ನಿಂತು ತಿರುಗಬೇಕಾಗುತ್ತದೆ. ವೇಗದವರು ಗೋಡೆಗೆ ಬರುತ್ತಿರುವಾಗಲೇ ಅವರ ಮುಂದೆ ಹೊರಡುವುದು ಸರಿಯಲ್ಲ, ಅವರು ತಿರುಗಿ ಹೋದ ಮೇಲೆ ಹೊರಡಬೇಕು. ಹಗ್ಗದ ಮೇಲೆ ಕೂರುವುದು, ಅದನ್ನು ಹಿಡಿದು ಜೋತಾಡುವುದು ಮಕ್ಕಳಿಗೆ ಆಟ. ಆದರೆ ಆ ಹಗ್ಗದೊಳಗೆ ಲೋಹದ ತಂತಿಯಿದೆ, ಭಾರ ಬಿದ್ದಂತೆಲ್ಲ ಸಡಿಲವಾಗುತ್ತದೆ. ನಮ್ಮ ಬಿಸಿಲಿಗೆ ಬಿರುಕುಬಿಟ್ಟ ಪ್ಲಾಸ್ಟಿಕ್ ಬಿಲ್ಲೆಗಳು ಒಡೆದು ಉದುರಿದಲ್ಲಿ ತಂತಿ ಹೊರಗೆ ಇಣುಕುತ್ತದೆ, ಮರುದಿನ ಬ್ಯಾಕ್‌ಸ್ಟ್ರೋಕ್ ಮಾಡುವವರ ಮುಂಗೈ ಗೀರಿ ರಕ್ತ ಬರುತ್ತದೆ. ಹಗ್ಗವನ್ನು ಹಾಗೆ ಬಿಡದೆ ವರ್ಷಕ್ಕೊಮ್ಮೆಯಾದರೂ ಬಿಲ್ಲೆ ಬದಲಿಸಿ ಬಿಗಿ ಮಾಡಿಸಬೇಕೆಂದು ಅಧಿಕಾರಿಗಳಲ್ಲಿ ವಿಶೇಷವಾಗಿ ವಿನಂತಿಸುತ್ತೇನೆ.

ಉದ್ದಕ್ಕೆ ಈಜುವ ನಮ್ಮ ಬಳಗಕ್ಕೂ ಎರಡು ಮಾತು ಹೇಳಲೇಬೇಕು. ಒಳ್ಳೆಯ ಕ್ಯಾಪು, ಗಾಗಲ್ಲು, ಕೈಗೆ ಸ್ಮಾರ್ಟ್‌ವಾಚ್ ಇದ್ದ ಮಾತ್ರಕ್ಕೆ ಕೊಳ ನಮ್ಮದಾಗುವುದಿಲ್ಲ. ದಾರಿ ತಪ್ಪಿ ಲೇನಿಗೆ ಬಂದ ಮಗುವನ್ನು ಗದರಿಸಿ ಅಳಿಸುವವರನ್ನು, ಬೇಕೆಂದೇ ಕಾಲು ಬಡಿದು ನೀರು ಚಿಮ್ಮಿಸಿ ಪಕ್ಕದವರನ್ನು ಓಡಿಸುವವರನ್ನು ನಾನು ನಮ್ಮಲ್ಲೇ ಕಂಡಿದ್ದೇನೆ. ಟ್ಯೂಬ್ ಹಾಕಿಕೊಂಡು ಬಂದ ಆ ಮಗು ಹೆದರಿ ನೀರನ್ನೇ ಬಿಟ್ಟರೆ ಅದರ ಹೊಣೆ ನಮ್ಮದೇ. ಮಗುವಿನ ಮುಂದೆ ನಿಂತು, ಹಗ್ಗ ಎತ್ತಿ ಹಿಡಿದು, ಆಚೆಗೆ ದಾಟಿಸಲು ಅರ್ಧ ನಿಮಿಷವೂ ಬೇಡ. ನಾವು ಲೇನು ಕೇಳುತ್ತಿರುವುದು ಹಕ್ಕಿನಿಂದ ಹೌದು, ಆದರೆ ಆ ಹಗ್ಗದ ಆಚೆಗಿನ ನೀರು ಅಷ್ಟೇ ಹಕ್ಕಿನಿಂದ ಅವರದು. ಅಲ್ಲಿ ಗದ್ದಲವಿದೆ, ಕೂಗಾಟವಿದೆ ಎಂದು ಲೈಫ್‌ಗಾರ್ಡ್‌ಗೆ ದೂರು ಕೊಡುವುದನ್ನು ದಯವಿಟ್ಟು ಬಿಡೋಣ.

ಮಹಿಳೆಯರ ಬ್ಯಾಚ್ ಬಗ್ಗೆ ಬರೆಯುವಾಗ ನನಗೆ ಹೆಚ್ಚು ಬೇಸರವಾಗುತ್ತದೆ. ದಿನದಲ್ಲಿ ಅವರಿಗೆಂದು ಸಿಗುವುದು ಬಹುಪಾಲು ಒಂದು ತಾಸು. ಆ ಒಂದು ತಾಸಿನಲ್ಲಿ ಕಲಿಯುವವರು, ಚಿಕ್ಕ ಮಕ್ಕಳನ್ನು ಕರೆತಂದ ತಾಯಂದಿರು, ಉದ್ದಕ್ಕೆ ಈಜಬಲ್ಲವರು ಎಲ್ಲರೂ ಒಟ್ಟಿಗೆ ಇಳಿಯಬೇಕು. ಗಂಡಸರಿಗೆ ಒಂದು ಬ್ಯಾಚ್ ತಪ್ಪಿದರೆ ಇನ್ನೊಂದಿದೆ, ಹೆಣ್ಣುಮಕ್ಕಳಿಗಿಲ್ಲ. ಲೇನು ಎಲ್ಲಕ್ಕಿಂತ ಮೊದಲು ಬೇಕಾದದ್ದು ಆ ತಾಸಿಗೆ. ಆದರೆ ಜನ ಹೆಚ್ಚೆಂದು ಹಗ್ಗ ಬಿಚ್ಚುವುದು ಆಗಲೇ. ಅಲ್ಲದೆ ಆ ಹೊತ್ತಿನಲ್ಲಿ ದಂಡೆಯ ಮೇಲೆ ಮಹಿಳಾ ಲೈಫ್‌ಗಾರ್ಡ್ ಇರಬೇಕು, ಮುಂದಿನ ಬ್ಯಾಚಿನ ಗಂಡಸರು ಗೇಟಿನ ಹೊರಗೇ ಕಾಯಬೇಕು. ಮೈತುಂಬ ಮುಚ್ಚುವ ನೈಲಾನ್ ಅಥವಾ ಲೈಕ್ರಾ ಉಡುಪು ತೊಟ್ಟು ಬಂದವರನ್ನು ಉಡುಪಿನ ನೆಪ ಹೇಳಿ ತಡೆಯಬಾರದು. ತಡೆಯಬೇಕಾದದ್ದು ಹತ್ತಿ ಬಟ್ಟೆಯನ್ನು ಮಾತ್ರ. ಅದು ನೀರು ಹೀರಿ ಭಾರವಾಗಿ ತೊಟ್ಟವರನ್ನು ಕೆಳಕ್ಕೆಳೆಯುತ್ತದೆ, ಅದರ ಎಳೆಗಳು ಫಿಲ್ಟರಿಗೆ ಸೇರುತ್ತವೆ. ಈ ಕಾರಣವನ್ನು ವಿವರಿಸಿ ಹೇಳಿದರೆ ಯಾರೂ ಬೇಡವೆನ್ನುವುದಿಲ್ಲ. ಬನಿಯನ್ ತೊಟ್ಟು ಇಳಿಯುವ ಗಂಡಸರಿಗೂ ಅದೇ ಮಾತು ಅನ್ವಯಿಸಬೇಕು.

ಇನ್ನು ನೀರಿನ ವಿಷಯ. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಕೊಳವೊಂದರಲ್ಲಿ 25 ಲಕ್ಷ ಲೀಟರ್ ನೀರಿರುತ್ತದೆ. ಚಿಕ್ಕ ಕೊಳದಲ್ಲೂ ಹಲವು ಲಕ್ಷ ಲೀಟರ್. ಬೇಸಿಗೆಯಲ್ಲಿ ನಲ್ಲಿ ನೀರಿಗಾಗಿ ಕೊಡ ಸಾಲಿಗಿಟ್ಟು ಕಾಯುವ ಬಡಾವಣೆಗಳಿರುವ ಊರಿನಲ್ಲಿ ಕೊಳದ ನೀರನ್ನು ಬೇಕೆಂದಾಗ ಚೆಲ್ಲಿ ಹೊಸದು ತುಂಬುವಂತಿಲ್ಲ, ಇರುವ ನೀರನ್ನೇ ಶುದ್ಧವಾಗಿಟ್ಟುಕೊಳ್ಳಬೇಕು. ಅದರಲ್ಲಿ ಈಜುವವರ ಪಾಲು ದೊಡ್ಡದು. ಕಣ್ಣು ಕೆಂಪಾದಾಗ, ಮೂಗಿಗೆ ಘಾಟು ಬಡಿದಾಗ "ಕ್ಲೋರಿನ್ ಜಾಸ್ತಿ ಹಾಕ್ಯಾರ" ಎಂದು ಸಿಬ್ಬಂದಿಯನ್ನು ಬೈಯುತ್ತೇವೆ. ವಾಸ್ತವದಲ್ಲಿ ಆ ಘಾಟು ಬರುವುದು ನಮ್ಮ ಬೆವರು ಮತ್ತು ಮೂತ್ರದಲ್ಲಿರುವ ಯೂರಿಯಾದಂಥ ವಸ್ತುಗಳು ಕ್ಲೋರಿನ್ ಜೊತೆ ಸೇರಿ ಉಂಟಾಗುವ ಕ್ಲೋರಮೈನ್‌ಗಳಿಂದ. ಕ್ಲೋರಿನ್ ನಮ್ಮ ಕೊಳೆಯ ಮೇಲೆಯೇ ಖರ್ಚಾಗಿಬಿಟ್ಟರೆ ರೋಗಾಣುಗಳನ್ನು ಕೊಲ್ಲಲು ಉಳಿಯುವುದು ಕಡಿಮೆ. ಬಿಸಿಲಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದು ಬೆವರಿನ ಮೈಯಲ್ಲೇ ಜಿಗಿಯುವ ಬದಲು ಒಂದು ನಿಮಿಷ ಶವರಿನ ಕೆಳಗೆ ನಿಂತರೆ ಈ ತೊಂದರೆಯ ದೊಡ್ಡ ಭಾಗ ಇಲ್ಲವಾಗುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ತೊಳೆದುಕೊಂಡೇ ಬರಬೇಕು, ಕ್ಯಾಪು ತಪ್ಪಿಸಬಾರದು.

ಬಾಯಿಯ ವಿಷಯವನ್ನು ಬಿಡಿಸಿ ಹೇಳಬೇಕಾಗಿರುವುದಕ್ಕೆ ಕ್ಷಮೆಯಿರಲಿ. ಕೊಳದ ಅಂಚಿನಲ್ಲಿ ಜಾಳಿಗೆ ಮುಚ್ಚಿದ ಒಂದು ಕಾಲುವೆ ಸುತ್ತಲೂ ಇರುತ್ತದೆ. ಅದನ್ನು ಚರಂಡಿಯೆಂದು ತಿಳಿದು ಅನೇಕರು ಅದರಲ್ಲಿ ಉಗುಳುತ್ತಾರೆ, ಕೆಲವರು ಗುಟಕಾ ಬಾಯಿಯಲ್ಲಿಟ್ಟುಕೊಂಡೇ ಬಂದಿರುತ್ತಾರೆ. ಅದು ಚರಂಡಿಯಲ್ಲ. ತುಂಬಿ ಹರಿದ ನೀರು ಆ ಕಾಲುವೆಯಿಂದ ತೊಟ್ಟಿಗೆ ಹೋಗಿ, ಫಿಲ್ಟರ್ ದಾಟಿ, ಮತ್ತೆ ಕೊಳಕ್ಕೇ ಬರುತ್ತದೆ. ಉದ್ದಕ್ಕೆ ಈಜುವವರು ಅದೇ ನೀರಿಗೆ ಬಾಯಿ ತೆರೆದು ಉಸಿರು ಎಳೆಯುತ್ತಾರೆ.

ಅಧಿಕಾರಿಗಳ ಕಡೆಯಿಂದ ಆಗಬೇಕಾದದ್ದು ಸಂಜೆಯ ಪರೀಕ್ಷೆ. ತೆರೆದ ಕೊಳದಲ್ಲಿ ಬಿಸಿಲಿನ ಅತಿನೇರಳೆ ಕಿರಣಗಳಿಂದ ಕ್ಲೋರಿನ್ ಬೇಗ ನಶಿಸುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಪ್ರಮಾಣ ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಕಳೆದ ಮೇಲೆ ಹಾಗೇ ಇರುವುದಿಲ್ಲ, ಅದೇ ಹೊತ್ತಿಗೆ ಜನ ಅತಿ ಹೆಚ್ಚು. ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್, 7.2ರಿಂದ 7.8ರ ನಡುವಿನ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇದೆಯೇ ಎಂದು ಸಂಜೆಯ ಬ್ಯಾಚಿಗೆ ಮೊದಲು ನೋಡಿ, ಅಂಕಿಗಳನ್ನು ಟಿಕೆಟ್ ಕಿಟಕಿಯ ಬಳಿ ಕಪ್ಪು ಹಲಗೆಯ ಮೇಲೆ ಬರೆಯಲಿ. ಬರೆದದ್ದು ಕಣ್ಣೆದುರಿಗಿದ್ದರೆ ನಾವೂ ಶವರಿನ ಕೆಳಗೆ ನಿಲ್ಲುತ್ತೇವೆ.

ಲೈಫ್‌ಗಾರ್ಡ್‌ಗಳು ಮೂವತ್ತು ನಲವತ್ತು ಜನರನ್ನು ಒಮ್ಮೆಗೇ ಕಾಯುತ್ತಾರೆ. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ; ಉಸಿರಿಗೇ ತ್ರಾಣವಿಲ್ಲದವರಿಗೆ ಕೂಗಲು ಆಗುವುದಿಲ್ಲ, ಸದ್ದಿಲ್ಲದೆ ಕೆಳಗೆ ಹೋಗುತ್ತಾರೆ. ಎಲ್ಲರೂ ಎಲ್ಲ ಕಡೆ ಇರುವ ಕೊಳದಲ್ಲಿ ಅದನ್ನು ಗುರುತಿಸುವುದು ಬಲು ಕಷ್ಟ. ಲೇನು ಕಟ್ಟಿದ ಭಾಗದಲ್ಲಿ ಎಲ್ಲರೂ ಒಂದೇ ಲಯದಲ್ಲಿ ಚಲಿಸುವುದರಿಂದ ನಿಂತವರು ಕೂಡಲೇ ಕಣ್ಣಿಗೆ ಬೀಳುತ್ತಾರೆ, ಕಾವಲಿನವರ ಗಮನ ಆಟದ ಭಾಗಕ್ಕೆ ಉಳಿಯುತ್ತದೆ. ಲೇನಿಗೆ ಇಳಿಯುವ ಮೊದಲು ಒಂದು ಉದ್ದವನ್ನು ನಿಲ್ಲದೆ ಈಜಿ ತೋರಿಸಬೇಕೆಂಬ ನಿಯಮವನ್ನು ಕೋಚ್‌ಗಳು ಜಾರಿಗೆ ತರಲಿ, ಏಕೆಂದರೆ ಲೇನಿನ ಆಚೆ ತುದಿ ಆಳದಲ್ಲಿರುತ್ತದೆ. ಇನ್ನೊಂದನ್ನು ಕಟ್ಟುನಿಟ್ಟಾಗಿ ನಿಲ್ಲಿಸಬೇಕು: ಜೋರಾಗಿ ನಾಲ್ಕೈದು ಸಲ ಉಸಿರೆಳೆದುಕೊಂಡು ನೀರಿನಡಿಯಲ್ಲಿ ಯಾರು ಹೆಚ್ಚು ದೂರ ಹೋಗುತ್ತಾರೆಂದು ಹುಡುಗರು ಕಟ್ಟುವ ಪಂತ. ಹಾಗೆ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರು ಬೇಕೆಂಬ ಒತ್ತಾಯವೇ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಕಡಿಮೆಯಾಗಿ ನೀರಿನಡಿಯಲ್ಲೇ ಎಚ್ಚರ ತಪ್ಪುತ್ತದೆ. ಚೆನ್ನಾಗಿ ಈಜಬಲ್ಲವರೇ ಹೀಗೆ ಸಾಯುತ್ತಾರೆ.

ಸಿಡ್ನಿ ಒಲಿಂಪಿಕ್ಸ್‌ಗೆ 2000ರಲ್ಲಿ ಹೋದ ನಿಶಾ ಮಿಲೆಟ್, ಅಥೆನ್ಸ್‌ಗೆ 2004ರಲ್ಲಿ ಹೋದ ಶಿಖಾ ಟಂಡನ್, ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಈಜಿದ ಶ್ರೀಹರಿ ನಟರಾಜ್, 2024ರ ಪ್ಯಾರಿಸ್‌ನಲ್ಲಿ ಹದಿನಾಲ್ಕನೆಯ ವಯಸ್ಸಿಗೇ ನೀರಿಗಿಳಿದ ಧಿನಿಧಿ ದೇಸಿಂಗು ಎಲ್ಲರೂ ಬೆಂಗಳೂರಿನ ಕೊಳಗಳಲ್ಲಿ ಪಳಗಿದವರು. ನಮ್ಮ ಆಳಂದ, ಚಿತ್ತಾಪುರ, ಸೇಡಂ ಕಡೆಯ ಮಗುವಿಗೆ ಅಂಥದೇ ತೋಳಿರಬಹುದು. ಆದರೆ ನೇರವಾಗಿ ಒಂದು ಉದ್ದ ಈಜಲು ಜಾಗವೇ ಸಿಗದ ಮಗುವಿನ ಸಾಮರ್ಥ್ಯ ಕೋಚ್‌ಗೂ ಕಾಣುವುದಿಲ್ಲ, ತಂದೆತಾಯಿಗೂ ಕಾಣುವುದಿಲ್ಲ.

ಕೊನೆಗೆ ನನ್ನ ಕೋರಿಕೆಯನ್ನು ಕಾರ್ಯರೂಪಕ್ಕೆ ಇಳಿಸುವ ಬಗೆ. ಮಾರ್ಚ್ ಕೊನೆಯೊಳಗೆ ಒಂದು ಭಾನುವಾರ ಬೆಳಿಗ್ಗೆ, ಕೊಳದ ದಂಡೆಯಲ್ಲೇ, ಅಧಿಕಾರಿಗಳು, ಕೋಚ್‌ಗಳು, ಮಹಿಳಾ ಬ್ಯಾಚಿನವರು ಮತ್ತು ನಿತ್ಯದ ಈಜುಗಾರರು ಸೇರಿ ಒಂದು ತಾಸು ಕೂತು ಮಾತಾಡುವಂತಾಗಲಿ. ಎಡಬದಿಯೋ ಬಲಬದಿಯೋ, ಯಾವ ಬದಿಯ ಎರಡು ಲೇನು, ಶಿಬಿರದ ಮಕ್ಕಳಿಗೆ ಯಾವ ಭಾಗ ಎಂಬುದನ್ನು ಅಲ್ಲೇ ತೀರ್ಮಾನಿಸಬಹುದು. ಫಲಕಕ್ಕೆ ಬೇಕಾದ ಬರಹವನ್ನು ಕನ್ನಡದಲ್ಲಿ ಸಿದ್ಧಪಡಿಸಿಟ್ಟಿದ್ದೇನೆ. ಉರ್ದು ಮತ್ತು ಮರಾಠಿ ಓದುವವರೂ ನಮ್ಮ ಕೊಳಕ್ಕೆ ಬರುವುದರಿಂದ ಅವೆರಡರಲ್ಲೂ ಬರೆದುಕೊಡಲು ಜೊತೆಯ ಈಜುಗಾರರು ಒಪ್ಪಿದ್ದಾರೆ. ಫಲಕ ಬರೆಸುವ ಖರ್ಚನ್ನು ನಾವು ಕೆಲವರು ಕೂಡಿ ಭರಿಸುತ್ತೇವೆ. ಮೊದಲ ಎರಡು ವಾರ ಸಂಜೆಯ ಬ್ಯಾಚುಗಳಲ್ಲಿ ಲೇನಿನ ತುದಿಯಲ್ಲಿ ಸರದಿಯಂತೆ ನಿಂತು ಹೊಸಬರಿಗೆ ಸುತ್ತು ಹಾಕುವ ಕ್ರಮವನ್ನು ತೋರಿಸಿಕೊಡಲೂ ಸಿದ್ಧರಿದ್ದೇವೆ. ನಿಮ್ಮಿಂದ ಬೇಕಾದದ್ದು ಬಿಗಿಯಾದ ಎರಡು ಹಗ್ಗ ಮತ್ತು ಜನ ಹೆಚ್ಚಾದರೂ ಅವನ್ನು ಬಿಚ್ಚಬಾರದೆಂಬ ಒಂದು ಲಿಖಿತ ಆದೇಶ. ಸಭೆಯ ದಿನವನ್ನು ಟಿಕೆಟ್ ಕಿಟಕಿಯ ಬಳಿ ಅಂಟಿಸಿದರೆ ಸಾಕು, ನಾವು ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಸಂಜೆ ಬ್ಯಾಚಿನ ಒಬ್ಬ ಈಜುಗಾರ
ಕಲಬುರಗಿ